ಜಗಲಿಯ ಬಳ್ಳಿಯಲ್ಲಿ ಸೂರಕ್ಕಿಯ ಗೂಡು: ಎಷ್ಟು ಹತ್ತಿರ ಹೋಗಬಹುದು, ಚಿತ್ರದಲ್ಲಿ ಕತ್ತು ಏಕೆ ಕಪ್ಪಾಗುತ್ತದೆ?

ಪೆರ್ಲ_ತೋಟದಮನೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ, ಅಡಿಕೆ ತೋಟದ ಮೇಲ್ಬದಿಯಲ್ಲಿ ನಮ್ಮ ಮನೆಯಿದೆ. ಜಗಲಿಯ ಮಾಡಿನ ಅಂಚಿನಿಂದ ಇಳಿದು ನೇತಾಡುವ ಮಲ್ಲಿಗೆ ಬಳ್ಳಿಯ ಒಣಗಿದ ತುದಿಯಲ್ಲಿ ಹೆಣ್ಣು ಸೂರಕ್ಕಿಯೊಂದು ಎಂಟು ದಿನಗಳಿಂದ ಗೂಡು ಕಟ್ಟುತ್ತಿದೆ. ಮೊದಲ ಎರಡು ದಿನ ಅದನ್ನು ಬಳ್ಳಿಗೆ ಸಿಕ್ಕಿಕೊಂಡ ಕಸವೆಂದೇ ನಾವು ತಿಳಿದಿದ್ದೆವು. ಹಿಡಿಸೂಡಿ ಹಿಡಿದು ಬಂದ ಅಮ್ಮ, ಅಲ್ಲಿಂದ ಹಕ್ಕಿ ಹಾರಿದ್ದನ್ನು ಕಂಡು ಕೈ ಹಿಂದೆಗೆದರು. ಈಗ ಅದು ಉದ್ದ ಬದನೆಕಾಯಿಯ ಆಕಾರಕ್ಕೆ ಬಂದಿದ್ದು, ಒಂದು ಮಗ್ಗುಲಲ್ಲಿ ಹೆಬ್ಬೆರಳು ಹೋಗುವಷ್ಟು ಬಾಗಿಲು ಮೂಡಿದೆ. ಹೆಣ್ಣಿನ ಕತ್ತು ಬೂದುಬಿಳಿ, ಎದೆ ಹಳದಿ. ಗಂಡು ಅಂಗಳದ ಕೇಪುಳ ಗಿಡದಲ್ಲಿ ಕುಳಿತು ಹಾಡುತ್ತದೆ, ಹೆಣ್ಣು ಹೋದಲ್ಲೆಲ್ಲ ಹಿಂಬಾಲಿಸುತ್ತದೆ, ಆದರೆ ಇಷ್ಟು ದಿನಗಳಲ್ಲಿ ಒಂದು ನಾರನ್ನೂ ತಂದದ್ದನ್ನು ನಾನು ಕಂಡಿಲ್ಲ.

ನನ್ನಲ್ಲಿ 70–300 ಮಿ.ಮೀ. ಲೆನ್ಸ್ ಇರುವ ಕ್ಯಾಮರಾ ಇದೆ. ಬರಿಗಣ್ಣಿಗೆ ನೇರಳೆಯಾಗಿ ಮಿಂಚುವ ಗಂಡಿನ ಕತ್ತು ನಾನು ತೆಗೆದ ಚಿತ್ರಗಳಲ್ಲಿ ಮಸಿ ಬಳಿದಂತೆ ಕಪ್ಪಾಗಿ ಬರುತ್ತದೆ. ಇದು ಕ್ಯಾಮರಾದ ದೋಷವೋ ನನ್ನದೋ ತಿಳಿಯದು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಇನ್ನೊಂದು ಸಂಗತಿ. ಗೂಡಿನ ಬಾಗಿಲು ಸರಿಯಾಗಿ ಕಾಣಲೆಂದು ನಿನ್ನೆ ಬೆಳಗ್ಗೆ ಅದರ ಮುಂದಿದ್ದ ಎರಡು ಎಳೆ ಬಳ್ಳಿಗಳನ್ನು ಬಾಳೆನಾರಿನಿಂದ ಕಂಬಕ್ಕೆ ಎಳೆದು ಕಟ್ಟಿದೆ. ಆಮೇಲೆ ಮೂರು ಗಂಟೆಗಳ ಕಾಲ ಹೆಣ್ಣು ಗೂಡಿಗೆ ಬರಲಿಲ್ಲ; ಎದುರಿನ ತಂತಿಯಲ್ಲಿ ಕುಳಿತು ಚಿಟ್ ಚಿಟ್ ಎಂದು ಒಂದೇ ಸಮನೆ ಕೂಗುತ್ತಿತ್ತು. ಇದು ಯಾವ ಸೂರಕ್ಕಿ, ಎಷ್ಟು ದೂರದಲ್ಲಿ ನಿಂತರೆ ಅದಕ್ಕೆ ತೊಂದರೆಯಾಗದು, ಕಟ್ಟಿದ ಬಳ್ಳಿಯನ್ನು ಈಗ ಬಿಚ್ಚುವುದು ಸರಿಯೋ ಅಥವಾ ಅದರಿಂದ ಇನ್ನಷ್ಟು ಗಾಬರಿಯಾದೀತೋ, ತಿಳಿದವರು ದಯವಿಟ್ಟು ಹೇಳಬೇಕು.

ಕುಂಬಳೆ_ನಿವೃತ್ತ_ಅಧ್ಯಾಪಕಿ

ಮೊದಲು ಬಳ್ಳಿಯನ್ನು ಬಿಚ್ಚಿ, ಉಳಿದದ್ದನ್ನು ಆಮೇಲೆ ಓದಿ. ಹೆಣ್ಣು ಹೂವಿಗೆ ಹೋಗಿರುವ ಹೊತ್ತು ನೋಡಿ ನಾರನ್ನು ಕತ್ತರಿಸಿದರೆ ಸಾಕು, ಬಳ್ಳಿ ತಾನಾಗಿ ಹಳೆಯ ಜಾಗಕ್ಕೆ ಬರುತ್ತದೆ. ಗೂಡಿನ ಮುಂದಿನ ಎಲೆಗಳು ನಿಮಗೆ ಅಡ್ಡಿಯಾಗಿ ಕಂಡವು, ಆದರೆ ಹಕ್ಕಿಗೆ ಅವು ಬಾಗಿಲಿನ ಮರೆ. ಕಾಗೆ, ಮಟಪಕ್ಷಿ, ಕೆಂಬೂತ, ಓತಿಕ್ಯಾತ, ಇವೆಲ್ಲ ಮೊಟ್ಟೆ ಮರಿಗಳನ್ನು ಹುಡುಕುವಾಗ ಆ ಮರೆಯೊಂದೇ ಹತ್ತು ಸೆಂಟಿಮೀಟರಿನಷ್ಟು ಪುಟ್ಟ ಹಕ್ಕಿಗೆ ಇರುವ ರಕ್ಷಣೆ. ಬಿಸಿಲು ನೇರವಾಗಿ ಗೂಡಿನ ಮೇಲೆ ಬೀಳದಂತೆ ತಡೆಯುವುದೂ ಅವೇ ಎಲೆಗಳು.

ನಿಮ್ಮ ವಿವರಣೆಯಿಂದ ಇದು ಪರ್ಪಲ್-ರಂಪ್ಡ್ ಸನ್‌ಬರ್ಡ್, ಅಂದರೆ ಸೊಂಟದ ಭಾಗ ನೇರಳೆಯಾಗಿರುವ ಸೂರಕ್ಕಿ ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ಕಡೆಯ ಹಿತ್ತಿಲುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಗಂಡುಗಳನ್ನು ಎಲ್ಲರೂ ಗುರುತಿಸುತ್ತಾರೆ, ಹೆಣ್ಣುಗಳಲ್ಲಿ ಎಡವುತ್ತಾರೆ. ಆದುದರಿಂದ ಹೆಣ್ಣಿನ ಕತ್ತನ್ನು ನೋಡುವ ನಿಮ್ಮ ಅಭ್ಯಾಸ ಬಹಳ ಒಳ್ಳೆಯದು. ಕತ್ತು ಬೂದುಬಿಳಿಯಾಗಿದ್ದು ಎದೆಯಿಂದ ಹಳದಿ ಆರಂಭವಾದರೆ ಈ ಜಾತಿ. ಕತ್ತಿನಿಂದಲೇ ಹಳದಿಯಾಗಿದ್ದರೆ ಪರ್ಪಲ್ ಸನ್‌ಬರ್ಡ್ ಅಥವಾ ಲೋಟೆನ್ ಸೂರಕ್ಕಿಯ ಹೆಣ್ಣು. ಈ ಎರಡರಲ್ಲಿ ಕೊಕ್ಕು ಎದ್ದು ಕಾಣುವಷ್ಟು ಉದ್ದವಾಗಿ ಬಾಗಿದ್ದರೆ ಅದು ಲೋಟೆನ್. (ಹದಿನೆಂಟನೆಯ ಶತಮಾನದಲ್ಲಿ ಸಿಂಹಳದ ಡಚ್ ಗವರ್ನರ್ ಆಗಿದ್ದವನ ಹೆಸರು ಅದು.) ಪರ್ಪಲ್ ಸನ್‌ಬರ್ಡ್ ಗಂಡು, ಸಂತಾನದ ಕಾಲ ಮುಗಿದ ಮೇಲೆ ಹೊಳಪನ್ನು ಕಳಚಿ, ಗದ್ದದಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆಯನ್ನು ಮಾತ್ರ ಉಳಿಸಿಕೊಂಡು ಹೆಣ್ಣಿನಂತೆ ಹಳದಿಯಾಗುತ್ತದೆ. ನಿಮ್ಮ ಅಂಗಳದ ಗಂಡು ಹಾಗೆ ಬಣ್ಣ ಬದಲಿಸುವುದಿಲ್ಲ.

ಗೂಡನ್ನು ಕಟ್ಟುವುದು ಬಹುಪಾಲು ಹೆಣ್ಣೇ, ಹಾಗಾಗಿ ಗಂಡು ನಾರು ತರದಿರುವುದರಲ್ಲಿ ಆಶ್ಚರ್ಯವಿಲ್ಲ. ಕಾವು ಕೊಡುವುದೂ ಹೆಚ್ಚಾಗಿ ಹೆಣ್ಣೇ. ಮರಿಗಳಿಗೆ ಉಣಿಸುವಾಗ ಗಂಡು ಜೊತೆಗೂಡುತ್ತದೆ. ದೂರದಿಂದ ಬೈನಾಕ್ಯುಲರಿನಲ್ಲಿ ಗೂಡನ್ನು ನಿಧಾನವಾಗಿ ನೋಡಿ. ನಾರು, ಒಣಹುಲ್ಲು, ತೊಗಟೆಯ ಚೂರು, ಕಲ್ಲುಹೂವಿನ ತುಣುಕು, ಕಂಬಳಿಹುಳದ ಹಿಕ್ಕೆ, ಇವೆಲ್ಲವನ್ನೂ ಜೇಡರ ಬಲೆಯ ಎಳೆಯಿಂದ ಅಂಟಿಸಿ ಬಿಗಿದಿರುತ್ತದೆ. ಒಳಗೆ ಬೂರುಗದ ಹತ್ತಿಯಂಥ ಮೆದುವಾದ ಹಾಸು, ಬಾಗಿಲಿನ ಮೇಲೆ ಮಳೆನೀರು ಒಳಬಾರದಂತೆ ಮುಂಚಾಚಿದ ಪುಟ್ಟ ಮಾಡು, ಕೆಳಗೆ ಜೋತುಬಿದ್ದ ಕಸದ ಬಾಲ. ನೋಡಿದವರು ಕಸವೆಂದು ಮುಂದೆ ಹೋಗಬೇಕೆಂಬಂತೆಯೇ ಅದರ ರಚನೆಯಿದೆ, ಆದುದರಿಂದ ನಿಮ್ಮ ತಾಯಿಯವರು ತಿಳಿದದ್ದು ತಪ್ಪಲ್ಲ. ಲೋಟೆನ್ ಸೂರಕ್ಕಿ ಇನ್ನೊಂದು ದಾರಿ ಹಿಡಿಯುತ್ತದೆ. ಗುಂಪಾಗಿ ಬಾಳುವ ಸ್ಟೆಗೋಡೈಫಸ್ ಜೇಡಗಳು ಪೊದೆಗಳಲ್ಲಿ ಹೆಣೆದ ದಟ್ಟ ಬಲೆಯ ಮುದ್ದೆಯೊಳಗೇ ಅದು ಅನೇಕ ಸಲ ತನ್ನ ಗೂಡನ್ನು ಅಡಗಿಸುತ್ತದೆ. ಸೀತಾಂಗೋಳಿಯ ಕಡೆಯ ಗೇರುಗುಡ್ಡೆಯೊಂದರಲ್ಲಿ ಅಂಥದೊಂದನ್ನು ಕಂಡಾಗ, ಎಲೆ ಸಿಕ್ಕಿಕೊಂಡ ಬಲೆಯಿಂದ ಕೊಕ್ಕೊಂದು ಹೊರಗೆ ಇಣುಕಿದ ಮೇಲಷ್ಟೇ ಅದು ಗೂಡೆಂದು ನನಗೆ ತಿಳಿದದ್ದು.

ದೂರದ ಪ್ರಶ್ನೆಗೆ ಒಂದೇ ಅಂಕಿಯನ್ನು ಹೇಳಲಾಗದು, ಏಕೆಂದರೆ ಅದು ಗೂಡು ಯಾವ ಹಂತದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಕಟ್ಟುವ ಕಾಲದಲ್ಲಿಯೂ ಮೊಟ್ಟೆಯ ಮೊದಲ ದಿನಗಳಲ್ಲಿಯೂ ಹಕ್ಕಿ ಬಲುಬೇಗ ಗೂಡು ತೊರೆಯುತ್ತದೆ; ನೀವು ಈಗ ಇರುವುದು ಸರಿಯಾಗಿ ಆ ನಾಜೂಕಿನ ಹಂತದಲ್ಲಿ. ಗೂಡು ಪೂರ್ತಿಯಾದ ಮೇಲೂ ಮೊಟ್ಟೆಯಿಡುವ ಮೊದಲು ಕೆಲವೊಮ್ಮೆ ಕೆಲವು ದಿನ ಹೆಣ್ಣು ಅತ್ತ ಸುಳಿಯದೆ ಇರಬಹುದು. ಬಿಟ್ಟುಹೋಯಿತೆಂದು ತಿಳಿದು ಬೆರಳು ಹಾಕಿ ನೋಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು 14ರಿಂದ 16 ದಿನಗಳ ಕಾವು, ಮರಿಗಳು ಗೂಡಿನಲ್ಲಿ ಹೆಚ್ಚುಕಡಿಮೆ 17 ದಿನ. ಆ ಕೊನೆಯ ಮೂರುನಾಲ್ಕು ದಿನಗಳು ಮತ್ತೆ ಅಪಾಯದವು, ಏಕೆಂದರೆ ಹೆದರಿದ ಮರಿಗಳು ರೆಕ್ಕೆ ಬಲಿಯುವ ಮೊದಲೇ ಕೆಳಕ್ಕೆ ಹಾರಿಬಿಡುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಗೂಡಿನ ಚಿತ್ರವನ್ನೇ ತೆಗೆಯದಿರುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕದಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ಮಂಜೇಶ್ವರ_ಕ್ಯಾಮರಾ

ಟೀಚರ್ ಅವರ ಕೊನೆಯ ಮಾತೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ನನ್ನ ಒಪ್ಪಿಗೆಯಿದೆ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಬಣ್ಣದ ವಿಚಾರ.

ಕ್ಯಾಮರಾದಲ್ಲಿ ದೋಷವಿಲ್ಲ. ಗಂಡಿನ ಹೊಟ್ಟೆಯ ಹಳದಿ, ಗರಿಯಲ್ಲಿ ತುಂಬಿರುವ ನಿಜವಾದ ವರ್ಣದ್ರವ್ಯ. ಯಾವ ಕಡೆಯಿಂದ ನೋಡಿದರೂ ಅದು ಹಳದಿಯೇ. ಕತ್ತಿನ ನೇರಳೆ ಮತ್ತು ನೆತ್ತಿಯ ಹಸಿರು ಹಾಗಲ್ಲ. ಗರಿಯ ಅತಿ ಸೂಕ್ಷ್ಮ ಎಳೆಗಳಲ್ಲಿ ಮೆಲನಿನ್ (ಕಪ್ಪು ವರ್ಣದ್ರವ್ಯ) ಮತ್ತು ಕೆರಟಿನ್ (ಗರಿ, ಉಗುರುಗಳ ಗಟ್ಟಿ ವಸ್ತು) ಪದರ ಪದರವಾಗಿ ಜೋಡಣೆಗೊಂಡಿದ್ದು, ಆ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದಕ್ಕೊಂದು ಬೆರೆತು ಹೊಳಪು ಹುಟ್ಟುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಬಣ್ಣ ಕಾಣುವುದೂ ಬಹುಮಟ್ಟಿಗೆ ಹೀಗೆಯೇ. ಬೆಳಕು, ಗರಿ, ಕಣ್ಣು, ಈ ಮೂರರ ನಡುವಿನ ಕೋನ ಸರಿಯಿಲ್ಲದಿದ್ದರೆ ಉಳಿಯುವುದು ಮೆಲನಿನ್ನಿನ ಕಪ್ಪು ಮಾತ್ರ. ಹಕ್ಕಿ ಕತ್ತು ಹೊರಳಿಸಿದಂತೆಲ್ಲ ನಿಮ್ಮ ಕಣ್ಣಿಗೆ ಮಿಂಚು ಸಿಕ್ಕುತ್ತಲೇ ಇರುತ್ತದೆ, ಆದರೆ ಚಿತ್ರದಲ್ಲಿ ಉಳಿಯುವುದು ಒಂದೇ ಕ್ಷಣ. ಜಗಲಿಯ ನೆರಳಿನಿಂದ ಬೆಳಕಿನತ್ತ ಮುಖಮಾಡಿ ತೆಗೆದರೆ ಆ ಕ್ಷಣ ಯಾವಾಗಲೂ ಕಪ್ಪು.

ಆದುದರಿಂದ ಬಣ್ಣವನ್ನು ಹೂವಿನ ಬಳಿ ಹುಡುಕಿ. ಬೆಳಗ್ಗೆ ಏಳರಿಂದ ಒಂಬತ್ತರ ನಡುವೆ ಸೂರ್ಯ ನಿಮ್ಮ ಬೆನ್ನಿಗಿರುವಂತೆ, ಕೇಪುಳದ ಗಿಡದಿಂದ ಐದಾರು ಮೀಟರ್ ದೂರದಲ್ಲಿ, ಕುರ್ಚಿ ಹಾಕಿ ಕುಳಿತುಬಿಡಿ. ಮೊದಲ ಅರ್ಧ ಗಂಟೆ ಏನೂ ಸಿಗದು, ಆಮೇಲೆ ಹಕ್ಕಿ ನಿಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸೂರಕ್ಕಿಗಳು ಅಮೆರಿಕದ ಹಮ್ಮಿಂಗ್‌ಬರ್ಡಿನಂತೆ ಗಾಳಿಯಲ್ಲಿ ನಿಂತೇ ಮಧು ಹೀರುವುದು ಅಪರೂಪ. ಹೆಚ್ಚಾಗಿ ತೊಟ್ಟನ್ನೋ ಪಕ್ಕದ ಕಡ್ಡಿಯನ್ನೋ ಹಿಡಿದು ಕುಳಿತುಕೊಳ್ಳುತ್ತವೆ. ಯಾವ ಕಡ್ಡಿಗೆ ಮತ್ತೆ ಮತ್ತೆ ಬರುತ್ತದೆಂದು ಗಮನಿಸಿ, ಅದಕ್ಕೇ ಫೋಕಸ್ ಇಟ್ಟು ಕಾಯಿರಿ. ಶಟರ್ ವೇಗ 1/1600 ಸೆಕೆಂಡಿನ ಆಸುಪಾಸು ಇರಲಿ, ನಿಮ್ಮ ಲೆನ್ಸಿಗೆ ಐಎಸ್‌ಒ (ಬೆಳಕಿಗೆ ಕ್ಯಾಮರಾದ ಸಂವೇದನೆ) 800ಕ್ಕೋ 1600ಕ್ಕೋ ಏರಿದರೂ ಚಿಂತೆಯಿಲ್ಲ. ಕಪ್ಪು ಕತ್ತಿಗೆಂದು ಕ್ಯಾಮರಾ ಬೆಳಕನ್ನು ಹೆಚ್ಚಿಸಿಬಿಟ್ಟರೆ ಹೊಟ್ಟೆಯ ಹಳದಿ ಬಿಳಿಚಿಕೊಳ್ಳುತ್ತದೆ, ಎಕ್ಸ್‌ಪೋಶರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಅಳತೆ) ಅರ್ಧ ಸ್ಟಾಪಿನಷ್ಟು ಇಳಿಸಿಕೊಳ್ಳಿ. ಫ್ಲ್ಯಾಶ್ ಬೇಡ.

ಕೇಪುಳಕ್ಕಿಂತಲೂ ನನಗೆ ಪ್ರಿಯವಾದದ್ದು ಮಾವಿನ ಮರದ ಬಂದನಿಕೆ. ತೋಟದವರಿಗೆ ಅದು ಮರ ಹಾಳುಮಾಡುವ ಬದನಿಕೆ, ನಿಜ. ಆದರೆ ಅದರ ಕೊಳವೆಯಂಥ ಹೂಗಳಿಗೆ ಸೂರಕ್ಕಿಗಳು ಬಂದು ಹಣೆಗೆ ಪರಾಗ ಮೆತ್ತಿಕೊಂಡು ಹೋಗುವುದನ್ನು ಒಮ್ಮೆ ನೋಡಿದರೆ ಎಲ್ಲ ಗೊಂಚಲುಗಳನ್ನೂ ಕಡಿಯಲು ಮನಸ್ಸಾಗದು. ದಾಸವಾಳದಲ್ಲಿ ಇನ್ನೊಂದು ನೋಟ ಸಿಗುತ್ತದೆ: ಹೂವಿನ ಬಾಯಿಗೆ ಹೋಗದೆ, ಬುಡಕ್ಕೇ ಕೊಕ್ಕಿನಿಂದ ತೂತು ಕೊರೆದು ಮಧು ಹೀರಿ, ಪರಾಗದ ಋಣವನ್ನೇ ತೀರಿಸದೆ ಹೋಗಿಬಿಡುತ್ತದೆ. ಬಾಳೆಯ ಪೂಂಬೆಯ ಎಸಳು ತೆರೆದ ಬೆಳಗ್ಗೆಯೂ ಕಾದು ನೋಡಿ.

ಇನ್ನು ಗೂಡಿನ ಚಿತ್ರ. ಕೊಂಬೆ ಕಡಿದು, ಡೇರೆ ಹೂಡಿ, ಹತ್ತು ಮಂದಿ ಸಾಲುಗಟ್ಟಿ ತೆಗೆಯುವ ಗೂಡಿನ ಚಿತ್ರಗಳನ್ನು ನಾನೂ ಖಂಡಿಸುತ್ತೇನೆ. ಆದರೆ ಈ ಹಕ್ಕಿ ಜನ ಓಡಾಡುವ ಜಗಲಿಯನ್ನು ತಾನಾಗಿ ಆರಿಸಿಕೊಂಡಿದೆ. ಮರಿಗಳು ಮೂಡಿ ನಾಲ್ಕೈದು ದಿನ ಕಳೆದ ಮೇಲೆ, ಮನೆಯೊಳಗಿನ ಕಿಟಕಿಯ ಮರೆಯಿಂದ, ಎಲೆಗಳನ್ನು ಮುಟ್ಟದೆ, ಹತ್ತು ನಿಮಿಷ ಮಾತ್ರ ತೆಗೆದರೆ ಅದು ಅನ್ಯಾಯವೆಂದು ನನಗೆ ತೋರುವುದಿಲ್ಲ. ಕೊಕ್ಕಿನಲ್ಲಿ ಜೇಡವನ್ನೋ ಹುಳವನ್ನೋ ಹಿಡಿದು ಬಂದ ತಾಯಿ ಗೂಡಿಗೆ ಹೋಗದೆ ಆಚೀಚೆ ಹಾರತೊಡಗಿದರೆ ಕಾರಣ ನೀವೇ ಎಂದು ತಿಳಿದು ಕಿಟಕಿಯಿಂದ ಸರಿಯಿರಿ. ಚಿತ್ರ ಹಂಚಿಕೊಳ್ಳುವಾಗ ಸ್ಥಳದ ಗುರುತನ್ನು ಅಳಿಸಿ. ಈ ಚರ್ಚೆಯಲ್ಲಿಯೂ ಪೆರ್ಲ ಎಂಬಷ್ಟೇ ಸಾಕು.

ಮುಳ್ಳೇರಿಯ_ಕೃಷಿಕ

ಎರಡು ಮಾತು ಸೇರಿಸುತ್ತೇನೆ. ಮಾಡಿನ ಮೂಲೆಗಳ ಜೇಡರ ಬಲೆಯನ್ನು ಗೂಡು ಮುಗಿಯುವವರೆಗೆ ತೆಗೆಯಬೇಡಿ, ಹಕ್ಕಿಗೆ ಬೇಕಾದ ಅಂಟು ಅಲ್ಲಿಯೇ ಇದೆ. ನಮ್ಮಲ್ಲಿ ಒಂದು ವರ್ಷ ಹಬ್ಬಕ್ಕೆಂದು ಬಲೆಯನ್ನೆಲ್ಲ ಹೊಡೆದು ಸ್ವಚ್ಛಗೊಳಿಸಿದ ಮರುದಿನ, ಅರ್ಧ ಕಟ್ಟಿದ ಗೂಡಿನ ಹೆಣ್ಣು ಖಾಲಿ ಮೂಲೆಗಳಿಗೆ ಬಂದು ಬಂದು ಹೋಗುತ್ತಿದ್ದುದನ್ನು ಕಂಡು ನನಗೆ ಬಹಳ ನೋವಾಯಿತು. ಮತ್ತೊಂದು, ಮಳೆಗಾಲದ ಆರಂಭದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವಾಗ ಗೂಡಿರುವ ಸಾಲನ್ನು ಮೊದಲೇ ಕೆಲಸದವರಿಗೆ ತೋರಿಸಿಡಿ. ಬೋರ್ಡೋ ದ್ರಾವಣದ ರಭಸಕ್ಕೆ ಬಲೆಯ ಎಳೆಯಲ್ಲಿ ನಿಂತ ಗೂಡು ತಡೆಯುವುದಿಲ್ಲ. ನಮ್ಮಲ್ಲಿ ಒಮ್ಮೆ ಗೂಡಿನ ಬಳಿಯ ನಾಲ್ಕು ಮರಗಳಿಗೆ ಹತ್ತು ದಿನ ತಡವಾಗಿ ಬಿಟ್ಟುದರಿಂದ ನನ್ನ ಫಸಲಿಗೆ ನಷ್ಟವೇನೂ ಆಗಲಿಲ್ಲ.

ಪೆರ್ಲ_ತೋಟದಮನೆ

ಮೂವರಿಗೂ ಕೃತಜ್ಞತೆಗಳು. ಟೀಚರ್ ಅವರು ಹೇಳಿದ ಹಾಗೆ ಅಂದೇ ನಾರನ್ನು ಕತ್ತರಿಸಿದೆ. ಆ ದಿನವೆಲ್ಲ ಹೆಣ್ಣು ದೂರವೇ ಉಳಿಯಿತು, ಮರುದಿನ ಬೆಳಗ್ಗೆ ಆರೂವರೆಗೆ ಬಿಳಿ ಹತ್ತಿಯ ಎಳೆಯೊಂದನ್ನು ಕಚ್ಚಿಕೊಂಡು ಬಂದು ಒಳಗೆ ಹೋಯಿತು. ಅದನ್ನು ನೋಡಿ ಮನಸ್ಸಿನ ಭಾರ ಇಳಿಯಿತು. ಈಗ ಹದಿಮೂರು ದಿನ ಕಳೆದಿವೆ. ಮಧ್ಯೆ ಮೂರು ದಿನ ಕಾಣೆಯಾಗಿತ್ತು, ಈಗ ಹಗಲಿನ ಬಹುಪಾಲು ಒಳಗೇ ಕುಳಿತು ಬಾಗಿಲಿನಿಂದ ಕೊಕ್ಕನ್ನು ಮಾತ್ರ ಹೊರಗಿಟ್ಟಿರುತ್ತದೆ. ಕೇಪುಳದ ಬಳಿ ಕುಳಿತು ಗಂಡಿನ ಚಿತ್ರ ತೆಗೆದೆ. ನೂರಾರು ಚಿತ್ರಗಳಲ್ಲಿ ಮೂರರಲ್ಲಿ ಕತ್ತು ನೇರಳೆಯಾಗಿ, ಒಂದರಲ್ಲಿ ಹೆಗಲಿನ ಕೆಂಗಂದು ಪಟ್ಟಿಯೂ ಸ್ಪಷ್ಟವಾಗಿ ಬಂದಿದೆ.

ಈಗ ಹೊಸತೊಂದು ಸಮಸ್ಯೆ. ಗಂಡು ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಕನ್ನಡಿಗೆ ಬೆಳಗಿನಿಂದ ಕೊಕ್ಕಿನಿಂದ ಕುಟ್ಟುತ್ತಲೇ ಇದೆ. ಇದರಿಂದ ಅದಕ್ಕೆ ಪೆಟ್ಟಾಗುವುದೇ?

ಕುಂಬಳೆ_ನಿವೃತ್ತ_ಅಧ್ಯಾಪಕಿ

ಬಹಳ ಸಂತೋಷವಾಯಿತು. ಕನ್ನಡಿಯಲ್ಲಿ ಕಾಣುವುದನ್ನು ಅದು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಗಂಡೆಂದು ತಿಳಿದು ಹೋರಾಡುತ್ತಿದೆ. ಪೆಟ್ಟಿಗಿಂತ ದಣಿವೇ ಹೆಚ್ಚಿನ ತೊಂದರೆ, ಏಕೆಂದರೆ ಹೂವಿಗೂ ಹುಳಕ್ಕೂ ಕೊಡಬೇಕಾದ ಹೊತ್ತು ಅದರಲ್ಲೇ ಕಳೆಯುತ್ತದೆ. ಬೈಕನ್ನು ನಿಲ್ಲಿಸಿದೊಡನೆ ಎರಡೂ ಕನ್ನಡಿಗಳಿಗೆ ಹಳೆಯ ಬಟ್ಟೆ ಸುತ್ತಿಡಿ, ಮರಿಗಳು ಹಾರುವ ತನಕ ಅದನ್ನು ತಪ್ಪಿಸಬೇಡಿ. ಹೆಣ್ಣು ಕಾವಿಗೆ ಕುಳಿತ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೀರಾ? ಇಲ್ಲವಾದರೆ ಅಂದಾಜಿನಲ್ಲಾದರೂ ಇಂದೇ ಬರೆದಿಡಿ; ಮರಿಗಳ ಕೊನೆಯ ವಾರ ಯಾವಾಗ ಬರುತ್ತದೆಂದು ಅದರಿಂದಲೇ ಎಣಿಸಬೇಕು, ಆ ವಾರ ಕಿಟಕಿಯನ್ನೂ ಮುಚ್ಚಿಡಬೇಕು.