ತುರ್ತು: ಎಮ್ಯುಲೇಟರ್‌ಗೆ ಬೋರ್ಡಿನ ಮೇಲೆ ಏನೆಂದು ಬರೆಸಲಿ?

ಟಿಳಕವಾಡಿ, ಬೆಳಗಾವಿ:
ಗುರುಗಳೇ, ನಾಳೆ ಬೆಳಿಗ್ಗೆ ಬೋರ್ಡ್ ಅಚ್ಚಿಗೆ ಹೋಗಬೇಕು. ಅಳಿಯ ಖಡೇಬಜಾರಿನಲ್ಲಿ ಅಂಗಡಿ ಹಾಕುತ್ತಿದ್ದಾನೆ. ಮಾರುವುದು ಅಂಗೈಯಗಲದ ಯಂತ್ರ: ಮೇಲೆ ಪರದೆ, ಕೆಳಗೆ ಗುಂಡಿಗಳು. 1989ರಲ್ಲಿ ಬಂದ ಗೇಮ್ ಬಾಯ್ ಎಂಬ ಆಟದ ಯಂತ್ರದ ಕಾಲದ ಆಟಗಳನ್ನು ಅದರಲ್ಲಿ ಆಡಬಹುದು. ಆಡಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ. ‘ಅಣಕುಯಂತ್ರ’ ಎಂದು ಬರೆಸಲೇ?

ಜಮಖಂಡಿ:
ಅರಿಸಮಾಸ: ಕನ್ನಡದ ‘ಅಣಕು’ವಿಗೆ ಸಂಸ್ಕೃತದ ‘ಯಂತ್ರ’ ಹಚ್ಚಿದಂತಾಯಿತು. ಬೇಡ. ‘ಸೋಗು’ ಇದೆ, ‘ಕನ್ನಡಿಗ’ದಲ್ಲಿರುವ ‘ಇಗ’ ಹಚ್ಚಿದರೆ ‘ಸೋಗಿಗ’. ಮೂರೇ ಅಕ್ಷರ. ಸಂಸ್ಕೃತದ ಹಂಗೇಕೆ?

ವಿಜಯಪುರ:
ಸೋಗಲಾಡಿ ಎಂದು ಬೈಯುವ ನಾಡಿನಲ್ಲಿ ‘ಸೋಗಿಗ’ ಎಂದು ಬೋರ್ಡ್ ತೂಗುಹಾಕಿದರೆ ಒಬ್ಬ ಗಿರಾಕಿಯೂ ಮೆಟ್ಟಿಲು ಹತ್ತುವುದಿಲ್ಲ. ‘ಅಣಕು’ ಸಹ ಸಲ್ಲದು. ಅಣಕು ಸಂಸತ್ತಿನಲ್ಲಿ ಕಾನೂನು ಪಾಸಾಗುವುದಿಲ್ಲ. ಇಲ್ಲಿ ಆಟ ನಿಜವಾಗಿಯೇ ನಡೆಯುತ್ತದೆ. ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿಗೆ ನಾವು ಕ್ಯಾಸೆಟ್ ಎನ್ನುತ್ತಿದ್ದೆವಲ್ಲ, ಅದರೊಳಗಿರುವುದು ಗೇಮ್ ಬಾಯ್ ಚಿಪ್‌ಗೆ ಮಾತ್ರ ತಿಳಿಯುವ ಆದೇಶಗಳ ಸಾಲು. ಈಗಿನ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಮೊಬೈಲಿನ ಜಾತಿಯ ಆರ್ಮ್ ಚಿಪ್. ಅದಕ್ಕೆ ಆ ಭಾಷೆ ಬಾರದು. ತಂತ್ರಾಂಶ ನಡುವೆ ನಿಂತು ಆ ಆದೇಶಗಳನ್ನು ಓದಿ, ಇದಕ್ಕೆ ತಿಳಿಯುವಂತೆ ದಾಟಿಸುತ್ತದೆ. 160×144 ಚುಕ್ಕಿಗಳ ಪರದೆ, ಸೆಕೆಂಡಿಗೆ ಸುಮಾರು 60 ಚಿತ್ರ, ಅದೇ ಧ್ವನಿ; ಯಾವುದೂ ಹಳೆಯ ವೇಗ ಮೀರದಂತೆ ನೋಡಿಕೊಳ್ಳುತ್ತದೆ. ಇದು ದುಭಾಷಿಯ ಕೆಲಸ. ‘ಆಟದ ದುಭಾಷಿ’ ಎನ್ನಿ.

ಜಮಖಂಡಿ:
ದುಭಾಷಿ ಎಂಬುದು ದ್ವಿಭಾಷಿಯ ಮಗ, ಅದೂ ಹಿಂದುಸ್ತಾನಿಯ ಮನೆಯಲ್ಲಿ ಬೆಳೆದವನು. ಎರವಲೇ ಸಾಕೆಂದರೆ ಎಮ್ಯುಲೇಟರ್ ಏನು ಪಾಪ ಮಾಡಿತ್ತು?

ವಿಜಯಪುರ:
ಏನೂ ಮಾಡಿಲ್ಲ. ಅದನ್ನೇ ಇಟ್ಟುಕೊಂಡರೂ ನನ್ನ ತಕರಾರಿಲ್ಲ. ಕುರ್ಚಿಯ ಮೇಲೆ ಕುಳಿತು ಕಾಗದದಲ್ಲಿ ಅರ್ಜಿ ಬರೆಯುವವರು, ಅರಬ್ಬಿ ಪಾರಸಿಗಳನ್ನು ಹೊರಗಿಟ್ಟು ಒಂದು ದಿನ ಕಚೇರಿ ನಡೆಸಿ ತೋರಿಸಲಿ. ನಮ್ಮ ಕಡೆ ಮದುವೆಯ ಪಟ್ಟಿಯನ್ನೂ ಬರೆಯಲಾಗದು.

ಬಾಗಲಕೋಟೆ:
ಮತ್ತೆ ಶುರುವಾಯಿತು. ಪಾಪ, ಅವರಿಗೆ ನಾಳೆ ಬೋರ್ಡ್ ಬೇಕು. ಗಿರಾಕಿ ಕೇಳುವುದು ಆಟವನ್ನು, ತಂತ್ರಾಂಶದ ಹೆಸರನ್ನಲ್ಲ. ‘ಹಳೆಯ ವಿಡಿಯೋ ಗೇಮ್, ಹೊಸ ಕೈಯಂತ್ರ’ ಎಂದು ಬರೆಸಿ. ಪದಕ್ಕಿಂತ ದೊಡ್ಡ ಮಾತೊಂದಿದೆ: ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಆಟ ತುಂಬಿಸಿ ಮಾರಬೇಡಿ ಎಂದು ಅಳಿಯನಿಗೆ ಹೇಳಿ. ಆಟಗಳು ಹಳೆಯವಾದರೂ ಅವುಗಳ ಕೃತಿಸ್ವಾಮ್ಯ ಇನ್ನೂ ಮುಗಿದಿಲ್ಲ.

ಟಿಳಕವಾಡಿ, ಬೆಳಗಾವಿ:
ಇದನ್ನೇ ಕಳುಹಿಸಿದೆ, ಸರ್. ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಮ್ಯುಲೇಟರ್’ ಎಂದೂ ಸೇರಿಸಿದ್ದೇನೆ.

ಜಮಖಂಡಿ:
‘ಕೈಯಂತ್ರ’ವೂ ಅರಿಸಮಾಸ.

ವಿಜಯಪುರ:
ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ‘ಶಬ್ದಮಣಿದರ್ಪಣ’ದ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಅಂಗಡಿಯ ಬೋರ್ಡ್ ಬಿರುದಾವಳಿಯಲ್ಲದೆ ಮತ್ತೇನು?