ಪಕ್ಕದ ಮನೆಯವರಿಗೆ ಯೇಸುವಿನ ಬಗ್ಗೆ ಹೇಗೆ ಹೇಳುದು?

ಪ್ರಶ್ನೆ: ನಾವು ಮಂಗಳೂರಲ್ಲಿ ಇರುದು. ಪಕ್ಕದ ಮನೆ ಅಜ್ಜಿ ಒಬ್ರೇ, ಮಕ್ಕಳು ಗಲ್ಫಲ್ಲಿ. ಅವರಿಗೆ ನನ್ನ ವಿಶ್ವಾಸದ ಬಗ್ಗೆ ಹೇಳ್ಬೇಕು ಅಂತ ತುಂಬಾ ಆಸೆ ಉಂಟು, ಆದ್ರೆ ಹೇಗೆ ಶುರು ಮಾಡುದು?

ಉತ್ತರ 1: ಮೊದ್ಲು ಅವರಿಗೆ ಮದ್ದು, ರೇಷನ್ ತಂದುಕೊಡಿ ಮಾರಾಯ್ರೆ. ಬೈಬಲಲ್ಲಿ ಯಾಕೋಬನ ಪತ್ರ 2:15-16 ಓದಿ, ಹಸಿದವರಿಗೆ ಬರೀ ಒಳ್ಳೆ ಮಾತು ಹೇಳಿ ಕಳಿಸಿದ್ರೆ ಎಂತ ಪ್ರಯೋಜನ ಅಂತ ಅಲ್ಲೇ ಉಂಟಲ್ಲ.

ಉತ್ತರ 2: ಹೌದು. ಫಾದರ್ ಮುಲ್ಲರ್ ಅಂತ ಒಬ್ರು ಕ್ರೈಸ್ತ ಪಾದ್ರಿ 1880ರಲ್ಲಿ ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಮದ್ದು ಕೊಡ್ಲಿಕ್ಕೆ ಶುರು ಮಾಡಿದ್ದು, ಆಮೇಲೆ ಕುಷ್ಠರೋಗಿಗಳಿಗೂ ಜಾಗ ಮಾಡಿಕೊಟ್ರು, ಎಷ್ಟು ದೊಡ್ಡ ಪ್ರೀತಿ ನೋಡಿ. ಆದ್ರೆ ಸಹಾಯವನ್ನ ಗಾಳ ಮಾಡ್ಬೇಡಿ. ಅಜ್ಜಿಗೆ ದೇವಸ್ಥಾನಕ್ಕೆ ಹೋಗ್ಲಿಕ್ಕುಂಟು ಅಂದ್ರೆ ಖುಷಿಯಲ್ಲಿ ಕರ್ಕೊಂಡು ಹೋಗಿ, ಅವರೇ ಕೇಳಿದಾಗ ಯೇಸುವಿನ ಬಗ್ಗೆ ಹೇಳಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ನಾಳೆ ಮೆಡಿಕಲ್‌ಗೆ ಹೋಗುವಾಗ ಅಜ್ಜಿ ಹತ್ರ ಕೇಳ್ತೇನೆ.