ಜುಲೈನಲ್ಲಿ ಕುಂದಾಪುರ, ಮಲ್ಪೆ: ಏನು ತಿನ್ನಬೇಕು, ಏನು ಬಿಡಬೇಕು?

ಪಿಜೆ ಬಡಾವಣೆ: ಜುಲೈ ಎರಡನೇ ವಾರ ದಾವಣಗೆರೆಯಿಂದ ಆರು ಜನ ಕುಂದಾಪುರ, ಮಲ್ಪೆ ಕಡೆ 3 ದಿನ ಹೊರಟಿದ್ದೀವಿ. ಇಬ್ಬರು ಸಸ್ಯಾಹಾರಿಗಳು. ಅಲ್ಲೇ ತಿನ್ನಬೇಕಾದ್ದು ಏನೇನು, ಹೇಳ್ರಿ.

ದುರ್ಗದ ಕೋಟೆ: ಇದಕ್ಕೆ ಯೋಚನೆ ಯಾಕೆ? ಕಾಣೆ ಮೀನಿನ ರವಾ ಫ್ರೈ, ಹುಳಿ-ಖಾರದ ಬಂಗುಡೆ ಪುಳಿಮುಂಚಿ, ಕೋರಿ ರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿ, ಮೇಲೆ ಕೋಳಿ ಸಾರು). ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಇಳಿದ ಮೀನು ಮಧ್ಯಾಹ್ನ ತಟ್ಟೆಯಲ್ಲಿರುತ್ತೆ. ತಿಂಡಿಗೆ ನೀರ್ ದೋಸೆ. ಮುಗೀತು.

ಕಡಲತಡಿ: "ಬೆಳಿಗ್ಗೆ ಇಳಿದ ಮೀನು" ಜುಲೈಯಲ್ಲಿ ಎಲ್ಲಿಂದ ಬರ್ತದೆ ಮಾರಾಯ್ರೆ? ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ ಟ್ರಾಲರ್‌ಗಳು ಸಾಲಾಗಿ ಕಟ್ಟಿಹಾಕಿ ನಿಂತಿರ್ತವೆ. ಆಗ ಸಿಗುವ ಅಂಜಲ್ ಮೀನು ಹೆಚ್ಚಿನದ್ದು ಐಸಿನದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಅಲ್ಲಿ ನಿಷೇಧ ಜೂನ್ 14ಕ್ಕೇ ಮುಗೀತದೆ. ಮಳೆಗಾಲದಲ್ಲಿ ಹೋದವರು ಕೆಸುವಿನ ಎಲೆಯ ಪತ್ರೊಡೆ, ಎಲೆಯಲ್ಲಿ ಬೇಯಿಸುವ ಮೂಡೆ, ಕೊಟ್ಟೆ ಕಡುಬು, ಕಣಿಲೆ (ಎಳೆ ಬಿದಿರು) ಗಸಿ ಕೇಳಿ ತಿನ್ನಬೇಕು.

ದುರ್ಗದ ಕೋಟೆ: "ಯಾಂತ್ರಿಕ ಬೋಟು" ಅಂತ ನೀವೇ ಬರೆದಿದ್ದೀರಿ. ನಾಡದೋಣಿಗೆ ನಿಷೇಧ ಇಲ್ಲ. ಕಡಲು ಸ್ವಲ್ಪ ಇಳಿದ ದಿನ ದಡದ ಹತ್ತಿರವೇ ಬಲೆ ಬೀಸಿ ಬಂಗುಡೆ, ಬೂತಾಯಿ ಮೀನು, ಸಿಗಡಿ ತರ್ತಾರೆ. ಅದಕ್ಕಿಂತ ತಾಜಾ ಯಾವುದು?

ಕಡಲತಡಿ: ಕಡಲು ಇಳಿದ ದಿನ, ಸರಿ. ಮೂರು ದಿನಕ್ಕೆ ಬಂದವರಿಗೆ ಆ ದಿನವೇ ಸಿಗಬೇಕಲ್ಲ. ಮೀನು ತೋರಿಸಿ ಅಂತ ಕೇಳಿ: ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೀಬೇಕು, ಬೆರಳಲ್ಲಿ ಒತ್ತಿದ ಗುಳಿ ಕೂಡಲೇ ಮೇಲೆ ಬರಬೇಕು. ಕಣ್ಣು ಗುಳಿಬಿದ್ದು ಬೆಳ್ಳಗಾಗಿದ್ದರೆ ಎಷ್ಟು ಮಸಾಲೆ ಮೆತ್ತಿದರೂ ಪ್ರಯೋಜನ ಇಲ್ಲ.

ಮಂಡಕ್ಕಿ ಭಟ್ಟಿ: ಮೀನಿನ ಮಾತು ಅತ್ಲಾಗಿರಲಿ. "ತಿಂಡಿಗೆ ನೀರ್ ದೋಸೆ" ಅಂದ್ರಲ್ಲ, ಬೆಣ್ಣೆ ದೋಸೆ ಊರಿನವರು ಅದಕ್ಕೋಸ್ಕರ ಘಟ್ಟ ಇಳೀಬೇಕಾ? ಗರಿ ಇಲ್ಲ, ಬಣ್ಣ ಇಲ್ಲ, ಹುಳಿ ಇಲ್ಲ. 4 ಲೋಟ ಅಕ್ಕಿಗೆ 1 ಲೋಟ ಉದ್ದು, 2 ಲೋಟ ಮಂಡಕ್ಕಿ, ಒಂದು ಚಮಚ ಮೆಂತ್ಯ ಹಾಕಿ ರಾತ್ರಿಯಿಡೀ ಹುದುಗಿಸಿದ ಹಿಟ್ಟಿನ ಮುಂದೆ ಬರೀ ಅಕ್ಕಿ ನೀರು ಯಾವ ಲೆಕ್ಕ?

ಕಡಲತಡಿ: "ಬರೀ ಅಕ್ಕಿ ನೀರು" ಅನ್ನುವವರು ಒಮ್ಮೆ ಹೊಯ್ದು ನೋಡಿ. ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿ 1 ಲೋಟ, 4-5 ಗಂಟೆ ನೆನೆಸಬೇಕು. ಕಾಲು ಲೋಟ ಕಾಯಿತುರಿ ಸೇರಿಸಿ ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ, ಒಟ್ಟು ಎರಡೂವರೆ ಲೋಟ ನೀರು. ಹುದುಗು ಬರಿಸಲೇಬಾರದು. ಸೌಟಿನಲ್ಲಿ ಹರಡುವುದಲ್ಲ, ಅಂಚಿನಿಂದ ನಡುವಿಗೆ ಹೊಯ್ಯುವುದು. ಕಾವಲಿ ಚೆನ್ನಾಗಿ ಕಾದಿದ್ದರೆ ಚುಂಯ್ ಅಂತ ತೂತು ಬೀಳ್ತದೆ. ಮುಚ್ಚಿ ಒಂದು ನಿಮಿಷ, ಮಗುಚುವ ಹಾಗಿಲ್ಲ.

ಅಡುಗೆಮನೆ ಹಿರಿಯೂರು: ಕಾಯಿತುರಿ ಯಾಕೆ? ಕಾಯಿ ಇಲ್ಲದೇನೇ ಬರುತ್ತೆ. ದೋಸೆ ಕಾವಲಿಗೆ ಅಂಟೋದು ತಪ್ಪಬೇಕಂದ್ರೆ ಎರಡು ಚಮಚ ಉದ್ದಿನಬೇಳೆ ಹಾಕಿ ರುಬ್ಬಿ, ಕಾಗದದ ಹಾಗೆ ಏಳುತ್ತೆ.

ಕಡಲತಡಿ: ಉದ್ದು ಹಾಕಿದ ಮೇಲೆ ಅದು ನೀರ್ ದೋಸೆ ಅಲ್ಲ! ಸಾದಾ ದೋಸೆಯನ್ನು ನೀರು ಮಾಡಿ ಹೊಯ್ದದ್ದು. ಅಂಟುವುದಕ್ಕೆ ಕಾರಣ ಉದ್ದು ಇಲ್ಲದ್ದಲ್ಲ, ನಿಮ್ಮ ಕಡೆಯ ಹೊಸ ಅಕ್ಕಿ.

ಮಂಡಕ್ಕಿ ಭಟ್ಟಿ: "ನಿಮ್ಮ ಕಡೆಯ ಅಕ್ಕಿ"ನಾ? ಭದ್ರಾ ನಾಲೆ ನೀರಲ್ಲಿ ಬೆಳೆದ ಸೋನಾ ಮಸೂರಿಗೆ ಹೆಸರಿಡಬೇಡ್ರಿ. ಇನ್ನೊಂದು ಮಾತು, ನಿಮ್ಮ ಕುಂದಾಪುರದ ಕೋಳಿ ಘೀ ರೋಸ್ಟ್‌ಗೆ ಆ ಕೆಂಪು ಬಂದಿದ್ದು ಎಲ್ಲಿಂದ? ಹಾವೇರಿ ಜಿಲ್ಲೆ ಬ್ಯಾಡಗಿಯ ಮೆಣಸಿನಕಾಯಿಂದ. ನಮ್ಮ ಮಗ್ಗುಲಿಂದಾನೇ ಹೋಗಬೇಕು.

ಕಡಲತಡಿ: ಅಕ್ಕಿಯ ಊರಿಗಲ್ಲ, ವಯಸ್ಸಿಗೆ ಹೇಳಿದ್ದು. ಕೊಯ್ಲಾಗಿ ತಿಂಗಳೊಪ್ಪತ್ತಿನ ಅಕ್ಕಿ ಯಾವ ಊರಿನದ್ದಾದರೂ ಜಿಗುಟು. ದೋಸೆ ಮುದ್ದೆಯಾಗ್ತದೆ, ಎತ್ತಿದರೆ ಹರೀತದೆ. ವರ್ಷ ಹಳೆಯ ಅಕ್ಕಿ ತಗೊಳ್ಳಿ. ಕುಚಲಕ್ಕಿಯೂ ಬೇಡ, ಮೇಣದ ಹಾಗಾಗ್ತದೆ. ಹಿಟ್ಟು ಅಡಿಗೆ ಕೂರ್ತದೆ, ಪ್ರತಿ ಸಲ ಕಲಕಿ ಹೊಯ್ಯಿರಿ. ಕಲಕದಿದ್ದರೆ ಮೊದಲ ನಾಲ್ಕು ದೋಸೆ ಜಾಲರಿ, ಕೊನೆಯ ನಾಲ್ಕು ರೊಟ್ಟಿ. ಕಾವಲಿಗೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದರೆ ಸಾಕು.

ಅಡುಗೆಮನೆ ಹಿರಿಯೂರು: "ಎತ್ತಿದರೆ ಹರೀತದೆ" ಅಂತ ನೀವೇ ಒಪ್ಪಿದ್ರಲ್ಲ. ಅದಕ್ಕೇ ಉದ್ದು ಅಂದಿದ್ದು. ಕಾಯಿ ಹಾಕಿದ ಹಿಟ್ಟು ಸಂಜೆಗೇ ಹಳಸುತ್ತೆ.

ಕಡಲತಡಿ: ಸಂಜೆಯವರೆಗೆ ಇಡುವ ಹಿಟ್ಟೇ ಅಲ್ಲ ಅದು!! ರುಬ್ಬಿ ಕೂಡಲೇ ಹೊಯ್ಯುವುದು. ಮೃದು ಬರುವುದೇ ಕಾಯಿಯ ಜಿಡ್ಡಿನಿಂದ. ಕಾಯಿ ಬಿಟ್ಟರೆ ಹರಿಯುವುದಿಲ್ಲ, ಒಪ್ಪಿದೆ. ಆದರೆ ಆರಿದ ಮೇಲೆ ಒರಟಾಗ್ತದೆ.

ದುರ್ಗದ ಕೋಟೆ: ಬೆಣ್ಣೆ ದೋಸೆಯವರು ಹಳೆಯದನ್ನೂ ನೆನಪಿಡಿ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ದಾವಣಗೆರೆಯಲ್ಲಿ ಮೊದಲು ಹಾಕಿದ್ದು ರಾಗಿ ಹಿಟ್ಟಿನ ದೋಸೆ ಅಂತಲೇ ಹೇಳ್ತಾರೆ. ಅಕ್ಕಿ, ಮಂಡಕ್ಕಿ ಆಮೇಲೆ ಬಂದಿದ್ದು. ಹಾಗಾಗಿ ಉದ್ದು ಇದ್ದರೇ ದೋಸೆ ಅನ್ನೋ ವಾದ ಇಲ್ಲೂ ನಿಲ್ಲಲ್ಲ.

ಮಂಡಕ್ಕಿ ಭಟ್ಟಿ: "ಆಮೇಲೆ ಬಂದಿದ್ದು" ಆದ್ರೇನು, ಹೆಸರು ತಂದಿದ್ದು ಅದೇ ತಾನೆ?

ಪಿಜೆ ಬಡಾವಣೆ: ಆ ಇಬ್ಬರು ಸಸ್ಯಾಹಾರಿಗಳಿಗೆ ಏನು ಅಂತ ಇನ್ನೂ ತಿಳೀಲಿಲ್ಲ. ಪತ್ರೊಡೆ ತಿಂದ್ರೆ ಗಂಟಲು ತುರಿಸುತ್ತಂತೆ, ನಿಜವೇ?

ಕಡಲತಡಿ: ಹುಳಿ ಕಡಿಮೆಯಾದರೆ, ಬೇಯುವುದು ಕಡಿಮೆಯಾದರೆ ತುರಿಸ್ತದೆ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರ್ತದೆ. ಅದಕ್ಕೇ ಅಕ್ಕಿ, ಮೆಣಸು, ಬೆಲ್ಲದ ಜೊತೆ ಹುಣಸೆ ಧಾರಾಳ ಹಾಕಿ ರುಬ್ಬಿ, ಎಲೆಯ ಹಿಂಬದಿಗೆ ಸವರಿ, ಒಂದರ ಮೇಲೊಂದು ಇಟ್ಟು ಸುತ್ತಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸುವುದು. ಎಳೆ ಎಲೆ, ದಪ್ಪ ನರ ಕೆತ್ತಿ ತೆಗೆದದ್ದಾಗಿರಬೇಕು. ಮೂಡೆ ಕೇದಗೆ ಎಲೆಯ ಕೊಳವೆಯಲ್ಲಿ ಬೇಯುವುದು, ಹಲಸಿನ ಎಲೆಯದ್ದು ಕೊಟ್ಟೆ ಕಡುಬು. ಹಿಟ್ಟು ಒಂದೇ, ಪರಿಮಳ ಬೇರೆ. ಎಲೆ ಬಿಡಿಸದೆ ಬಡಿಸಿ ಅನ್ನಿ. ಸ್ಟೀಲ್ ಲೋಟದಲ್ಲಿ ಬೇಯಿಸಿದ್ದಾದರೆ ಬೇಡ.

ದುರ್ಗದ ಕೋಟೆ: ಕೋರಿ ರೊಟ್ಟಿಗೆ ಸಾರು ಎಲ್ಲಾ ಒಟ್ಟಿಗೆ ಸುರೀಬೇಡಿ, ಎರಡು ತುತ್ತಿಗಾಗುವಷ್ಟು ಹಾಕ್ತಾ ಹೋಗಿ. ಐದು ನಿಮಿಷ ಬಿಟ್ರೆ ಗಂಜಿ.

ಅಡುಗೆಮನೆ ಹಿರಿಯೂರು: "ಹಿಟ್ಟು ಒಂದೇ" ಅಂದ್ರಲ್ಲ, ಮೂಡೆ ಹಿಟ್ಟಿಗೆ ಉದ್ದು ಹಾಕ್ತೀರೋ ಇಲ್ವೋ?

ಕಡಲತಡಿ: ಹಾಕ್ತೇವೆ. ಅದು ಹುದುಗಿ ಉಬ್ಬಬೇಕಾದ ಹಿಟ್ಟು. ನೀರ್ ದೋಸೆಗೆ ಹಾಕುವುದಿಲ್ಲ.